ಟಾಂಕಿಯ ಮೇಲಿನ ವೀರಭದ್ರ

ಝರಾಸಂಗಂನ ಗುರುಬಸವನಿಗೆ ಸಿಟ್ಟು ಬರುವುದು ಅಪರೂಪ. ಆದರೆ ಮದುವೆಯ ಮುಹೂರ್ತಗಳು ಆರಂಭವಾದವೆಂದರೆ ಅವನ ಮುಖ ನೋಡುವುದೇ ಕಷ್ಟವಾಗುತ್ತಿತ್ತು. ಅವನ ಜನರೇಟರಿನಿಂದ ಪೆಟ್ರೋಲು ಕದಿಯದ ಊರು ಆ ಸೀಮೆಯಲ್ಲಿ ಉಳಿದಿರಲಿಲ್ಲ. ರಾಯಿಕೋಡಿನಲ್ಲಿ ಕದ್ದಿದ್ದರು, ದೌಲತಾಬಾದಿನಲ್ಲಿ ಕದ್ದಿದ್ದರು, ಸ್ವಂತ ತಂಗಿಯ ಮನೆಯ ಮದುವೆಯಲ್ಲಿ ಅವನ ಸೋದರಳಿಯಂದಿರೇ ನಗುನಗುತ್ತ ಕದ್ದಿದ್ದರು.

"ಕಳ್ಳರು ಒಯ್ದ್ರ ಪೊಲೀಸರಿಗಿ ಹೇಳಬಹುದು. ಬೀಗರು ಒಯ್ದ್ರ ಯಾರಿಗಿ ಹೇಳ್ಲಿ?" ಎಂದು ಅವನು ಕಂಡಕಂಡವರನ್ನೆಲ್ಲ ಕೇಳುತ್ತಿದ್ದನು.

ಗುರುಬಸವನದು ಮದುವೆಗಳಿಗೆ ಮೈಕು, ದೀಪ, ಜನರೇಟರುಗಳನ್ನು ಬಾಡಿಗೆಗೆ ಒಯ್ಯುವ ಕೆಲಸ. ಅವನ ತಂದೆ ಮೆರವಣಿಗೆಗಳಿಗೆ ಗ್ಯಾಸ್‌ಬತ್ತಿ ಒದಗಿಸುತ್ತಿದ್ದರು. ನಾನು ಮಾಸ್ತರನಾಗಿದ್ದ ಶಾಲೆಯ ನಾಲ್ಕನೆಯ ತರಗತಿಯಲ್ಲಿ ಅವನು ಕುಳಿತಿದ್ದಾಗ ಅವನ ಅಂಗಿಯಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಮಗ್ಗಿ ಹೇಳುತ್ತ ಹೇಳುತ್ತಲೇ ತೂಕಡಿಸುತ್ತಿದ್ದನು. ಯಾಕೋ ಎಂದು ಗದರಿದರೆ, "ನಿನ್ನಿ ಮೆರವಣಿಗಿ ಇತ್ರಿ ಸರ್. ಬತ್ತಿ ಆರಬಾರ್ದಂತ ಅಪ್ಪ ನನ್ನ ಕೈಲೇ ಪಂಪ್ ಹೊಡಿಸಿದ್ರಿ," ಎನ್ನುತ್ತಿದ್ದನು. ಅಂಥ ಹುಡುಗನನ್ನು ಇನ್ನೇನು ಗದರುವುದು? ಬತ್ತಿ ಆರಬಾರದು ಎಂಬುದೇ ಆ ಮನೆಯ ವಿದ್ಯೆಯಾಗಿತ್ತು. ತಂದೆಯ ಕಾಲ ಮುಗಿದು ಗ್ಯಾಸ್‌ಬತ್ತಿಗಳು ಅಟ್ಟ ಸೇರಿದವು, ಚಕ್ರಗಳಿರುವ ಪೆಟ್ರೋಲಿನ ಜನರೇಟರು ಮನೆಗೆ ಬಂತು. ಗುರುಬಸವನ ಮಶೀನು ನಡುವೆ ನಿಲ್ಲುವುದಿಲ್ಲ ಎಂಬ ಹೆಸರೂ ಬಂತು. ಆ ಹೆಸರಿನ ಮೇಲೆಯೇ ಅವನ ಮನೆ ನಡೆಯುತ್ತಿತ್ತು.

ಈಗ ಕರೆಂಟು ಮೊದಲಿನಂತೆ ಹೋಗುವುದಿಲ್ಲ, ನಿಜ. ಆದರೆ ಮದುವೆಗಳೇ ಊರು ಬಿಟ್ಟು ಹೊರಗಿನ ಹೊಲಗಳಿಗೆ ಹೋಗಿವೆ. ಕೊಯ್ಲಾದ ಹೊಲದಲ್ಲಿ ದೊಡ್ಡ ಪೆಂಡಾಲು ಹಾಕುತ್ತಾರೆ; ಅಲ್ಲಿ ಕರೆಂಟಿನ ಕಂಬವಿರುವುದಿಲ್ಲ. ಪೆಟ್ರೋಲು ಬಂಕೂ ಇರುವುದಿಲ್ಲ. ತೊಂದರೆ ಆರಂಭವಾದದ್ದೇ ಅಲ್ಲಿಂದ. ವರನ ಕಡೆಯ ಹುಡುಗರು ಮೋಟಾರುಸೈಕಲ್ಲುಗಳ ಮೇಲೆ ಬರುತ್ತಾರೆ. ಬಂದವರು ಸುಮ್ಮನೆ ಕುಳಿತುಕೊಳ್ಳುವುದಿಲ್ಲ. ಹೂವಿಗೆಂದು ಒಮ್ಮೆ, ಎಲೆಯಡಿಕೆಗೆಂದು ಒಮ್ಮೆ, ಸುಮ್ಮನೆ ಒಮ್ಮೆ ತಿರುಗುತ್ತಾರೆ. ಗಾಡಿ ಖಾಲಿಯಾಗುತ್ತದೆ. ಬಂಕು ದೂರ, ಗುರುಬಸವನ ಟಾಂಕಿ ಹತ್ತಿರ.

"ಏ ತಮ್ಮಾ, ಅದು ಮಶೀನಿನ ಪೆಟ್ರೋಲ್ ಅದ, ಬಿಡು!"

"ಇಷ್ಟ ಇಷ್ಟ ತಗೋತೀನಿ ಕಾಕಾ. ಫೋಟೋದವನ್ನ ಕರ್ಕೊಂಡು ಬರ್ಬೇಕು."

"ನಡಕೋತ ಹೋಗು."

"ವರನ ಕಡಿಯವರಿಗಿ ನಡಕೋತ ಹೋಗು ಅಂತೀರಾ? ಏ, ಕೇಳಿರೇನ್ರೋ? ಕಾಕಾ ಏನಂದ್ರು ಕೇಳಿರಿ?"

ಅಷ್ಟಕ್ಕೇ ವಧುವಿನ ತಂದೆ ಕೈಮುಗಿಯುತ್ತ ಓಡಿ ಬರುತ್ತಿದ್ದನು. ಬಂದವನು ಬೇಡಿಕೊಳ್ಳುತ್ತಿದ್ದುದು ಗುರುಬಸವನನ್ನು: "ಬಿಡಪ್ಪಾ, ಬೀಗರ ಹುಡುಗರು. ಒಯ್ಯಲಿ ಬಿಡು. ಇವತ್ತೊಂದು ದಿನಾ ಏನೂ ಅನ್ಬ್ಯಾಡ." ವರನ ಕಡೆಯವರಿಗೆ ಆ ದಿನ ಯಾರೂ ಏನೂ ಅನ್ನುವಂತಿಲ್ಲ. ಅದು ಅಲ್ಲಿಯ ಪದ್ಧತಿ. ಅವರು ಮಶೀನನ್ನೇ ಹೊತ್ತುಕೊಂಡು ಹೋದರೂ ಹೆಣ್ಣಿನ ಕಡೆಯವರು ಹಿಂದಿನಿಂದ ಎಲೆಯಡಿಕೆ ಹಿಡಿದುಕೊಂಡು ಹೋಗಬೇಕು.

ಗುರುಬಸವ ಟಾಂಕಿಯ ಮುಚ್ಚಳಕ್ಕೆ ಕೀಲಿ ಹಾಕಿಸಿದನು. ಹುಡುಗರು ಕೀಲಿಯ ತಂಟೆಗೇ ಹೋಗದೆ ಕೆಳಗಿನ ರಬ್ಬರು ಪೈಪನ್ನು ಕಿತ್ತು ಬಾಟಲಿ ಹಿಡಿದರು. ಮೊದಲು ಪೆಟ್ರೋಲು ಮಾತ್ರ ಹೋಗುತ್ತಿತ್ತು, ಈಗ ಪೈಪೂ ಹೋಯಿತು. ಸುತ್ತಲೂ ತಗಡಿನ ಪೆಟ್ಟಿಗೆ ಮಾಡಿಸಿದನು. ಮಶೀನು ಗಾಳಿಯಿಲ್ಲದೆ ಒಳಗೇ ಕಾದು ಬಿಕ್ಕಳಿಸತೊಡಗಿತು. ತಾನೇ ಪಕ್ಕದಲ್ಲಿ ಕಾವಲು ಕುಳಿತರೆ, ವೇದಿಕೆಯ ಮೇಲೆ ಮೈಕು ಕುಯ್ಯೆಂದು ಕೂಗಿ, "ಎಲ್ಲಿ ಹೋಗ್ಯಾನಪ್ಪಾ ಮೈಕಿನಾಂವ?" ಎಂದು ಎಲ್ಲರೂ ಅವನನ್ನೇ ಹುಡುಕುವರು. ಒಬ್ಬ ಮನುಷ್ಯ ಎರಡು ಕಡೆ ಹೇಗೆ ಕುಳಿತಾನು?

ಕೊನೆಗೆ ರಾಯಿಕೋಡಿನ ಮದುವೆಯಲ್ಲಿ ಆಗಬಾರದ್ದು ಆಯಿತು. ಆ ಕಡೆ ಮದುವೆಯಲ್ಲಿ ನಂಟರು ಕೊಡುವ ಬಟ್ಟೆಬರೆಯ ಉಡುಗೊರೆಗೆ ಆಯೇರಿ ಎನ್ನುತ್ತಾರೆ. ಯಾರು ಯಾರಿಗೆ ಏನು ತಂದರು ಎಂಬುದನ್ನು ಮೈಕಿನಲ್ಲಿ ಕೂಗಬೇಕು. ವಧುವಿನ ಸೋದರಮಾವನು ರುಮಾಲು ಸುತ್ತಿಕೊಂಡು, ರೇಷ್ಮೆ ಸೀರೆಯನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದು ವೇದಿಕೆ ಹತ್ತಿದನು. "ಸೋದರಮಾವನವರಿಂದ..." ಎಂಬಲ್ಲಿಗೆ ಮೈಕು ಸತ್ತಿತು. ಟಾಂಕಿಯಲ್ಲಿ ಹನಿ ಪೆಟ್ರೋಲು ಇರಲಿಲ್ಲ. ಸೋದರಮಾವನು ಅದೇ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿ ಬೇವಿನ ಮರದ ಕೆಳಗೆ ಕುಳಿತುಬಿಟ್ಟನು. ಊಟಕ್ಕೆ ಏಳಿಸಲು ಇಡೀ ಊರೇ ಹೋಗಬೇಕಾಯಿತು.

ಗುರುಬಸವನಿಗೆ ಕೆಲಸ ಬರುತ್ತಿದ್ದುದೆಲ್ಲ ಜಹೀರಾಬಾದಿನಲ್ಲಿ ಪೆಂಡಾಲಿನ ಅಂಗಡಿ ಇಟ್ಟಿದ್ದ ವೈಜಿನಾಥ ಸಾಹುಕಾರರ ಮೂಲಕ. ಅವರು ಅವನನ್ನು ಕರೆಸಿಕೊಂಡರು.

"ಬಸ್ಯಾ, ಪೆಂಡಾಲ್ ನಂದು, ಮಶೀನ್ ನಿಂದು. ಮಶೀನ್ ನಿಂತ್ರ ಮಂದಿ ಬೈಯೋದು ಯಾರಿಗಿ?"

"ಪೆಟ್ರೋಲ್ ಕದ್ದಾರ್ರಿ ಸಾವ್ಕಾರ್ರಿ. ನಾ ಏನ್ ಮಾಡ್ಲಿ?"

"ಅದು ನಂಗ್ ಗೊತ್ತಿಲ್ಲ. ಇನ್ನೊಮ್ಮಿ ಮದುವಿ ನಡುವ ನಿಂತತು ಅಂದ್ರ ತಾಂಡೂರಿನ ಮಶೀನ್ ತರಸ್ತೀನಿ. ಆಮ್ಯಾಲ ನನ್ನ ಅಂಗಡಿಗಿ ಚಾ ಕುಡಿಯಾಕ ಬಾ, ಕೆಲಸಕ್ಕ ಬರಬ್ಯಾಡ."

ಆ ಸಂಜೆ ಅವನು ಮನೆಯ ಕಟ್ಟೆಯ ಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ ಉಪಾಯ ಹೇಳಿದವಳು ಹೆಂಡತಿ ಜಗದೇವಿ. ಅವರ ಮನೆಯ ಪಕ್ಕದ ಓಣಿಯ ಗೋಡೆಗೆ ಮೊದಲು ಹೋಗುವವರು ಬರುವವರೆಲ್ಲ ಮೂತ್ರ ಮಾಡುತ್ತಿದ್ದರು. ಬೈದರೂ ಬಿಟ್ಟಿರಲಿಲ್ಲ. ದೇವರ ಚಿತ್ರವಿರುವ ಟೈಲುಗಳನ್ನು ಸಾಲಾಗಿ ಅಂಟಿಸಿದ ಮೇಲೆ ತಾವಾಗಿಯೇ ಬಿಟ್ಟಿದ್ದರು.

"ಏನ್ರಿ, ಗ್ವಾಡಿ ಕಾಯೋ ದೇವರು ಟಾಂಕಿ ಕಾಯೂದಿಲ್ಲೇನು?" ಎಂದಳು.

ಗುರುಬಸವ ಮರುದಿನವೇ ಜಹೀರಾಬಾದಿಗೆ ಹೋಗಿ, ಲಾರಿಗಳ ಮೇಲೆ ಚಿತ್ರ ಬರೆಯುವ ಸಂಗುವಿನ ಮುಂದೆ ಮಶೀನನ್ನು ಇಳಿಸಿದನು. ಸಾಧು ದೇವರು ಬೇಡ, ನೋಡಿದರೆ ಕೈ ನಡುಗಬೇಕು ಎಂದನು. ಸಂಗು ಎಣ್ಣೆಬಣ್ಣದಲ್ಲಿ ಟಾಂಕಿಯ ತುಂಬ ವೀರಭದ್ರನನ್ನು ಬರೆದನು. ಗಿರಿಜಾಮೀಸೆ, ಎತ್ತಿದ ಖಡ್ಗ, ಮುಚ್ಚಳಕ್ಕೆ ಕೈಹಾಕಿದವನನ್ನು ನೇರವಾಗಿ ನೋಡುವ ಕೆಂಪು ಕಣ್ಣುಗಳು. ಬರೆದು ಮುಗಿಸಿ ತಾನೇ ಚಪ್ಪಲಿ ಕಳಚಿ ಕೈಮುಗಿದನು.

ಕಳ್ಳತನ ನಿಂತಿತು. ಬಿಗಿಯಾಗಿ ತಿರುವಿದ ನಲ್ಲಿಯಂತೆ ನಿಂತಿತು. ಮುಂದಿನ ಮದುವೆಯಲ್ಲಿಯೇ ಒಬ್ಬ ಹುಡುಗ ಪ್ಲಾಸ್ಟಿಕ್ ನಳಿಕೆ ಹಿಡಿದು ಬಂದವನು, ಬಗ್ಗಿ ನೋಡಿ, ನಳಿಕೆಯನ್ನು ಬೆನ್ನ ಹಿಂದೆ ಮರೆಮಾಡಿ, ಗಲ್ಲಗಲ್ಲ ಬಡಿದುಕೊಂಡು ಹಿಂದಕ್ಕೆ ಹೋದನು. ಗುರುಬಸವ ವೇದಿಕೆಯಿಂದ ಅದನ್ನು ಕಂಡು ನಕ್ಕನು. ಎಷ್ಟೋ ದಿನಗಳ ಮೇಲೆ ಅವನು ಮದುವೆಯಲ್ಲಿ ನೆಮ್ಮದಿಯಿಂದ ಹುಗ್ಗಿ ಉಂಡದ್ದು ಆವೊತ್ತು.

ಆದರೆ ದೇವರೆಂದರೆ ಕಳ್ಳರು ದೂರ ನಿಲ್ಲುತ್ತಾರೆ, ಭಕ್ತರು ಹತ್ತಿರ ಬರುತ್ತಾರೆ. ಇದನ್ನು ಗಂಡಹೆಂಡತಿ ಇಬ್ಬರೂ ಯೋಚಿಸಿರಲಿಲ್ಲ.

ಮೊದಲು ಯಾರೋ ವೀರಭದ್ರನ ಹಣೆಗೆ ವಿಭೂತಿ ಹಚ್ಚಿದರು. ಇರಲಿ ಎಂದುಕೊಂಡನು. ಆಮೇಲೆ ಕುಂಕುಮ, ಅರಿಷಿಣ, ಹೂಮಾಲೆ. ಹೂಮಾಲೆ ಸೈಲೆನ್ಸರಿನ ಮೇಲೆ ಬಿದ್ದು ಸುಟ್ಟು ಕಮಟು ವಾಸನೆ ಹಬ್ಬಿತು. ದೌಲತಾಬಾದಿನಲ್ಲಿ, ಮಶೀನು ಇನ್ನೂ ಚಾಲೂ ಆಗುವ ಮುನ್ನ, ಯಾವಳೋ ಪುಣ್ಯವಂತೆ ಒಂದು ತಂಬಿಗೆ ಹಾಲನ್ನು ದೇವರ ನೆತ್ತಿಯ ಮೇಲೆಂದು ಮುಚ್ಚಳದ ಮೇಲೆ ಸುರಿದಳು. ಮುಚ್ಚಳದಲ್ಲಿ ಗಾಳಿಯಾಡಲೆಂದು ಸಣ್ಣ ತೂತಿರುತ್ತದೆ. ಹಾಲು ಅದರೊಳಗಿಂದ ಪೆಟ್ರೋಲಿಗೆ ಇಳಿಯಿತು. ಗುರುಬಸವ ಟಾಂಕಿಯನ್ನು ಬೋರಲು ಮಾಡಿ, ಕಾರ್ಬೊರೇಟರ್ ಬಿಚ್ಚಿ, ಬಟ್ಟೆಯಿಂದ ಒರೆಸಿ, ಹೊಸ ಪೆಟ್ರೋಲು ತುಂಬಿಸುವಷ್ಟರಲ್ಲಿ ಬೆವರಿನಲ್ಲಿ ತೊಯ್ದು ಹೋದನು. ಮುಹೂರ್ತಕ್ಕೆ ಹೇಗೋ ಚಾಲೂ ಆಯಿತು.

ಇನ್ನೊಂದು ಮದುವೆಯಲ್ಲಿ ಮುಚ್ಚಳದ ಸಂದಿಯಲ್ಲಿ ಹೊಗೆಯಾಡುವ ಊದಿನಕಡ್ಡಿ ಸಿಕ್ಕಿಸಿದ್ದನ್ನು ಕಂಡು ಅವನು ಮೈಕು ಕೆಡವಿ ಓಡಿ ಬಂದನು. ಕಡ್ಡಿ ಕಿತ್ತೆಸೆದು ಕಾಲಿನಿಂದ ಹೊಸಕಿದನು.

"ಯವ್ವಾ, ಇದರಾಗ ಪೆಟ್ರೋಲ್ ಅದಬೇ! ಎಲ್ಲಾರೂ ಸುಟ್ಟು ಬೂದಿ ಆಗ್ತೀವಿ!"

ಕಡ್ಡಿ ಹಚ್ಚಿದ ಮುದುಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು: "ದೇವರನ್ನ ಒಯ್ದು ಪೆಟ್ರೋಲಿನ ಮ್ಯಾಲ ಕುಂದರ್ಸಿದವರು ಯಾರಪ್ಪಾ? ನಾನೋ, ನೀನೋ?"

ಗುರುಬಸವ ನೇರವಾಗಿ ಸಂಗುವಿನ ಬಳಿಗೆ ಹೋದನು. "ಅಳಸಿಬಿಡು ಮಾರಾಯಾ. ಮ್ಯಾಲ ಕರೀ ಬಣ್ಣ ಬಳಿ," ಎಂದನು. ಸಂಗು ಕುಂಚ ಹಿಡಿದೇ ಎರಡು ಹೆಜ್ಜೆ ಹಿಂದಕ್ಕೆ ಸರಿದನು. "ವೀರಭದ್ರನ ಮಾರಿಗಿ ಕರಿ ಬಳಿಯಾಕ ನನಗೇನು ಹೆಂಡ್ರು ಮಕ್ಕಳಿಲ್ಲೇನು? ಅಷ್ಟು ಧೈರ್ಯ ಇದ್ರ ನೀನ ಬಳಿ, ತಗೋ." ಕುಂಚವನ್ನು ಅವನ ಕಡೆಗೆ ಚಾಚಿದನು. ಗುರುಬಸವ ಕುಂಚ ನೋಡಿದನು, ಕೆಂಪು ಕಣ್ಣುಗಳನ್ನು ನೋಡಿದನು, ಮಶೀನನ್ನು ಹೇರಿಕೊಂಡು ಊರಿಗೆ ಬಂದನು.

ನಾರಾಯಣಖೇಡದ ಹತ್ತಿರದ ಮದುವೆ ಒಪ್ಪಿಕೊಂಡಾಗ ಅವನಿಗೆ ಒಂದು ಸಂಗತಿ ತಿಳಿದಿರಲಿಲ್ಲ. ಆ ಮನೆಯವರ ಕುಲದೇವರೇ ವೀರಭದ್ರ. ವಧು ಪ್ರೇಮಲಾಳ ಅಜ್ಜಿ ಕಾಂತಾಬಾಯಿ ಮನೆಗೆ ಹಿರಿಯಳು; ಅವಳ ಮಾತಿಗೆ ಎದುರಾಡುವವರು ಅಲ್ಲಿ ಯಾರೂ ಇರಲಿಲ್ಲ. ವೀರಭದ್ರನ ಒಕ್ಕಲಿನವರು ಮದುವೆಯ ದಿನ ಗುಗ್ಗಳ ಒಯ್ಯುತ್ತಾರೆ: ಮಣ್ಣಿನ ಬೋಗುಣಿಗಳಲ್ಲಿ ಕೆಂಡ ತುಂಬಿ, ಮೇಲೆ ಗುಗ್ಗಳದ ಅಂಟನ್ನೂ ಕರ್ಪೂರವನ್ನೂ ಉರಿಸುತ್ತ, ಹಲಗೆ ಬಾರಿಸುತ್ತ, ಖಡ್ಗ ಹಿಡಿದು ವೀರಭದ್ರನ ಒಡಪು ಹೇಳುವ ಪುರವಂತನನ್ನು ಮುಂದಿಟ್ಟುಕೊಂಡು ದೇವರ ಗುಡಿಯವರೆಗೆ ಹೋಗುವ ಮೆರವಣಿಗೆ ಅದು.

ಅಂದು ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಪೆಂಡಾಲಿನಲ್ಲಿ ಆಯೇರಿ ನಡೆದಿತ್ತು; ಮೈಕಿನಲ್ಲಿ ಹೆಸರು ಕೂಗುತ್ತಿದ್ದರು. ವೈಜಿನಾಥ ಸಾಹುಕಾರರೂ ಮುಂದಿನ ಸಾಲಿನಲ್ಲಿ ಕುಳಿತು ಕಣ್ಣು ಮಶೀನಿನ ಕಡೆಗೇ ಇಟ್ಟಿದ್ದರು. ಗುಗ್ಗಳದ ಮೆರವಣಿಗೆ ಪೆಂಡಾಲಿನ ಹಿಂದಿನಿಂದ ಹಾದು ಊರ ಗುಡಿಗೆ ಹೋಗಬೇಕಾಗಿತ್ತು. ಹೋಗುತ್ತ ಹೋಗುತ್ತ ಕಾಂತಾಬಾಯಿ ಟಾಂಕಿಯ ಮೇಲಿನ ವೀರಭದ್ರನನ್ನು ಕಂಡಳು.

"ನಿಲ್ರಿ! ಅಪ್ಪ ಇಲ್ಲೇ ಬಂದು ಕುಂತಾನಲ್ಲೋ!"

ಹಲಗೆಯ ಸದ್ದು ಇಮ್ಮಡಿಯಾಯಿತು. ಉರಿಯುವ ಬೋಗುಣಿಗಳೆಲ್ಲ ತಿರುಗಿ ಮಶೀನಿನ ಕಡೆಗೆ ಬರತೊಡಗಿದವು.

ಗುರುಬಸವ ಎರಡೂ ಕೈ ಚಾಚಿ ಅಡ್ಡ ನಿಂತನು. "ಆಯೀ, ಕೈ ಮುಗೀತೀನಿ, ಹತ್ರ ಬರಬ್ಯಾಡ್ರಿ! ಪೆಟ್ರೋಲ್ ಅದ! ಟಾಂಕಿ ತುಂಬ ಪೆಟ್ರೋಲ್!"

"ಇರ್ಲಿ ಬಿಡೋ. ಅವನದೇ ಬೆಂಕಿ, ಅವನಿಗಿ ಏನ್ ಮಾಡ್ತದ?"

"ಅವನಿಗಿ ಮಾಡೂದಿಲ್ರಿ, ನನಗ ಮಾಡ್ತದ! ನಿಮಗ ಮಾಡ್ತದ! ಪೆಂಡಾಲಿಗಿ ಮಾಡ್ತದ!"

ಅವನ ಮಾತು ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕಿಡಿಗಳು ಗಾಳಿಯಲ್ಲಿ ಹಾರುತ್ತಿದ್ದವು. ಅವನು ಮಶೀನಿನ ಹಿಡಿಕೆ ಹಿಡಿದು, ಅದು ನಡೆಯುತ್ತಿರುವಂತೆಯೇ ಹೊಲದ ಕಡೆಗೆ ಎಳೆದನು. ವಾಯರು ಬಿಗಿಯಾಯಿತು. ಇನ್ನು ಒಂದು ಮಾರು ಎಳೆದರೆ ವಾಯರು ಕಿತ್ತು ಕಿಡಿ ಹಾರುವುದು; ಎಳೆಯದಿದ್ದರೆ ಬೋಗುಣಿ ಬರುವುದು. ಒಳಗೆ ಮೈಕಿನಲ್ಲಿ ಯಾರದೋ ಹೆಸರು ಅರ್ಧದಲ್ಲಿತ್ತು. ವೈಜಿನಾಥರು ಎದ್ದು ನಿಂತು ಇತ್ತಲೇ ನೋಡುತ್ತಿದ್ದುದು ಅವನಿಗೆ ಕಾಣಿಸಿತು. ಮಶೀನು ನಿಂತರೆ ಕೆಲಸ ಹೋಯಿತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಗುರುಬಸವ ತಾನೇ ಬಟನ್ನು ಒತ್ತಿ ಮಶೀನನ್ನು ನಿಲ್ಲಿಸಿದನು.

ಮೈಕು ಸತ್ತಿತು. ವಾಯರು ಕಳಚಿ ಎಸೆದು, ಅವನು ಮಶೀನನ್ನು ದರದರನೆ ಎಳೆದುಕೊಂಡು ಕೊಯ್ದ ತೊಗರಿಯ ಕೂಳೆಗಳ ನಡುವೆ ಓಡಿದನು. ಮೆರವಣಿಗೆಯವರು ಒಂದು ಕ್ಷಣ ನಿಂತರು. ಆಮೇಲೆ ಪುರವಂತನು ಖಡ್ಗ ಮೇಲೆತ್ತಿ, "ಅಪ್ಪ ಹೊಂಟಾನ! ನಡೀರಿ!" ಎಂದು ಕೂಗಿದನು. ಇಡೀ ಮೆರವಣಿಗೆ ಹಲಗೆ ಬಾರಿಸುತ್ತ, ಕುಣಿಯುತ್ತ, ಬೆಂಕಿ ಹೊತ್ತು ಅವನ ಬೆನ್ನು ಹತ್ತಿತು. ಅವನು ಓಡಿದಷ್ಟೂ ಅವರ ಭಕ್ತಿ ಹೆಚ್ಚಾಯಿತು. "ಬರಬ್ಯಾಡ್ರೋ!" ಎಂದು ಅವನು ತಿರುಗಿ ಕೂಗಿದರೆ ಅವರು "ಹರಹರ!" ಎಂದು ಉತ್ತರ ಕೊಟ್ಟರು.

ಹೊಲದ ಅಂಚಿನಲ್ಲಿ ಮಜ್ಜಿಗೆಯ ಕೊಡಗಳನ್ನು ತಂಪಿಗೆಂದು ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಇಟ್ಟಿದ್ದರು. ಏದುಸಿರು ಬಿಡುತ್ತ ಅಲ್ಲಿಗೆ ಬಂದ ಗುರುಬಸವ ತಾಟುಗಳನ್ನು ಎಳೆದು ಟಾಂಕಿಯ ಮೇಲೆ, ಮುಚ್ಚಳದ ಮೇಲೆ, ವೀರಭದ್ರನ ಮುಖದ ಮೇಲೆ ಹೊದಿಸಿದನು. ಕಿಡಿ ಬಿದ್ದರೂ ಆರಲಿ ಎಂಬುದಷ್ಟೇ ಅವನ ತಲೆಯಲ್ಲಿತ್ತು. ಕಾಂತಾಬಾಯಿ ಮುಂದೆ ಬಂದು ನಿಂತಳು.

"ಅಪ್ಪನ ಮಾರಿ ಯಾಕ ಮುಚ್ಚಿದಿ?"

ಗುರುಬಸವನಿಗೆ ಪೆಟ್ರೋಲಿನ ಮಾತು ಹೇಳಿ ಹೇಳಿ ಸಾಕಾಗಿತ್ತು. ಬೇಸರ, ಆಯಾಸ, ಸಿಟ್ಟು ಎಲ್ಲವೂ ಸೇರಿ ಬಾಯಿಗೆ ಬಂದದ್ದನ್ನು ಹೇಳಿದನು:

"ಜಳಕಕ್ಕ ಕುಂತಾನ್ರಿ ಆಯೀ! ಪಡದಾ ಹಾಕೀನಿ! ಪಡದಾ ಹಾಕಿದಾಗ ಆರತಿ ತರ್ತಾರೇನ್ರಿ ಯಾರರ?"

ಕಾಂತಾಬಾಯಿ ತಟ್ಟನೆ ಕೈಯೆತ್ತಿದಳು. ಹಲಗೆ ನಿಂತಿತು. ಗುಡಿಯಲ್ಲಿ ದೇವರ ಸ್ನಾನಕ್ಕೆ ಪರದೆ ಎಳೆದಾಗ ಯಾರೂ ಒಳಗೆ ಇಣುಕುವುದಿಲ್ಲ, ಆರತಿ ಎತ್ತುವುದಿಲ್ಲ. ಅದು ಅವಳಿಗೆ ಹುಟ್ಟಿನಿಂದ ಗೊತ್ತಿದ್ದ ಮರ್ಯಾದೆ. "ಹಿಂದ ಸರೀರಿ. ಪಡದಾ ಹಾಕ್ಯಾರ. ಬೆಂಕಿ ಗುಡಿಗಿ ಒಯ್ರಿ," ಎಂದಳು. ಬೋಗುಣಿಗಳು ಸುಮ್ಮನೆ ಊರ ಕಡೆಗೆ ತಿರುಗಿದವು. ಇಷ್ಟು ಹೊತ್ತು ಗಂಟಲು ಹರಿದುಕೊಂಡರೂ ಆಗದ ಕೆಲಸ ಒಂದು ಗೋಣಿತಾಟಿನಿಂದ ಆಯಿತಲ್ಲ ಎಂದು ಗುರುಬಸವ ನೆಲದ ಮೇಲೆಯೇ ಕುಳಿತುಬಿಟ್ಟನು.

ಅಷ್ಟರಲ್ಲಿ ವೈಜಿನಾಥರು ಧೋತರ ಎತ್ತಿ ಹಿಡಿದುಕೊಂಡು ಕೂಳೆ ತುಳಿಯುತ್ತ ಬಂದರು.

"ಮತ್ತ ನಿಲ್ಲಿಸಿದಿಯಲ್ಲೋ ಬಸ್ಯಾ! ಆಯೇರಿ ನಡುವ! ಏನ್ ಹೇಳಿದ್ದೆ ನಾ ನಿನಗ? ನಾಳಿಂದ ತಾಂಡೂರಿನ..."

"ಏ ವೈಜಿನಾಥ!" ಕಾಂತಾಬಾಯಿ ತಿರುಗಿ ನಿಂತಳು. "ದೇವರು ಜಳಕಕ್ಕ ಕುಂತಾಗ ಒದರ್ತಿಯಲ್ಲೋ, ಹಿರಿಯಾಂವ ಆಗಿ. ಅಪ್ಪ ಏಳೂತನ ಮಶೀನ್ ನಿಲ್ಲಬೇಕು, ಆಯೇರೀನೂ ನಿಲ್ಲಬೇಕು. ನಮ್ಮನಿ ಮದುವಿಗಿ ಇನ್ನ ಮುಂದ ಇದೇ ಮಶೀನ್. ತಾಂಡೂರಿನ ಮಶೀನಿನ ಮ್ಯಾಲ ಯಾರು ಅದಾರ, ಹೇಳು ನೋಡೂನು?"

ತಾಂಡೂರಿನ ಮಶೀನಿನ ಮೇಲೆ ಯಾರೂ ಇರಲಿಲ್ಲ. ವೈಜಿನಾಥರು ಧೋತರ ಕೆಳಗೆ ಬಿಟ್ಟರು. ಆಮೇಲೆ ಗೋಣಿತಾಟಿನ ಕಡೆಗೆ ಒಂದು ಕೈ ಎತ್ತಿ ಅರ್ಧ ನಮಸ್ಕಾರ ಮಾಡಿ, "ಲಗೂನ ಎಬ್ಬಿಸಪ್ಪಾ," ಎಂದು ಗುರುಬಸವನಿಗೆ ಮೆಲ್ಲಗೆ ಹೇಳಿದರು.

ಬೆಂಕಿ ಕಣ್ಮರೆಯಾದ ಮೇಲೆ ಗುರುಬಸವ ಮಶೀನನ್ನು ಮರಳಿ ಎಳೆದು ತಂದು, ಜಳಕ ಮುಗಿದು ಅಲಂಕಾರ ನಡೆದಿದೆ ಎಂದು ಹೇಳಿ, ಟಾಂಕಿಗೆ ತಾಟು ಹೊದಿಸಿದಂತೆಯೇ ಚಾಲೂ ಮಾಡಿದನು. ಅರ್ಧಕ್ಕೆ ನಿಂತ ಹೆಸರನ್ನು ಮೊದಲಿನಿಂದ ಕೂಗಿದರು. ಮುಹೂರ್ತ ಸರಿಯಾಗಿ ಆಯಿತು. ಊಟದ ಪಂಕ್ತಿಯಲ್ಲಿ ಅವನು ಎಲೆಯ ಮುಂದೆ ಕುಳಿತಿದ್ದಾಗ ಕಾಂತಾಬಾಯಿ ಬಂದು ನಿಂತಳು.

"ಇದೇನೋ ಪೂಜಾರಿ, ಅಪ್ಪನ ಪಡದಾ ಇನ್ನೂ ತಗದಿಲ್ಲ, ನೀ ಉಣ್ಣಾಕ ಕುಂತಿ?"

ಬಡಿಸುವವನು ಹುಗ್ಗಿಯ ಸೌಟನ್ನು ಹಿಂದಕ್ಕೆ ತೆಗೆದುಕೊಂಡನು. ಗುರುಬಸವ ಎದ್ದು ಹೋಗಿ ಮಶೀನಿನ ಪಕ್ಕದಲ್ಲಿ ಕುಳಿತು, ಎಲ್ಲರೂ ಉಂಡು ಕೈ ತೊಳೆಯುವುದನ್ನು ನೋಡಿದನು.

ಈಗ ಜಗದೇವಿ ದಪ್ಪ ಕ್ಯಾನ್ವಾಸಿನಿಂದ ಟಾಂಕಿಗೆ ಸರಿಯಾದ ಪರದೆ ಹೊಲಿದು ಕೊಟ್ಟಿದ್ದಾಳೆ. ಒಳಗೆ ಯಾರಿದ್ದಾರೆಂದು ಎಲ್ಲರಿಗೂ ಗೊತ್ತಿರುವುದರಿಂದ ಬೀಗರ ಹುಡುಗರು ಅದನ್ನು ಎತ್ತುವುದಿಲ್ಲ. ಪರದೆ ಹಾಕಿರುವುದರಿಂದ ಭಕ್ತರು ಹಾಲನ್ನೂ ಬೆಂಕಿಯನ್ನೂ ತರುವುದಿಲ್ಲ. ಪೆಟ್ರೋಲು ಹನಿಯೂ ಹೋಗಿಲ್ಲ, ಮಶೀನು ಮತ್ತೆ ನಿಂತಿಲ್ಲ. ವೈಜಿನಾಥರ ಅಂಗಡಿಗೆ ಬರುವವರು ದೇವರ ಮಶೀನೇ ಬೇಕು ಎನ್ನುತ್ತಾರೆ. ಆದರೆ ಪ್ರತಿಯೊಂದು ಮನೆಯಲ್ಲಿಯೂ ಗುರುಬಸವನನ್ನು ಪೂಜಾರಿಯೆಂದೇ ಹಿಡಿದು, ನಿನ್ನ ಜಳಕ ಆಯಿತೇ ಎಂದು ಕೇಳುತ್ತಾರೆ, ಬೀಡಿ ಸೇದಲು ಬಿಡುವುದಿಲ್ಲ, ಮದುವೆ ಮುಗಿಯುವವರೆಗೆ ಎಲೆ ಹಾಕುವುದಿಲ್ಲ.

ಮೊನ್ನೆ ನಾನು ಅವರ ಮನೆಗೆ ಹೋಗಿದ್ದಾಗ ಅವನು ರೊಟ್ಟಿ ಮುರಿಯುತ್ತ ಕುಳಿತಿದ್ದನು. ತಾಂಡೂರಿನಿಂದ ಫೋನು ಬಂತು. ಗಟ್ಟಿ ದನಿ, ನನಗೂ ಕೇಳಿಸುತ್ತಿತ್ತು.

"ಶರಣ್ರಿ ಪೂಜಾರಪ್ಪಾರೇ. ನಾಳಿ ನಿಮ್ಮ ಮಶೀನ್ ನಮ್ಮ ಮದುವಿಗಿ ಬರ್ತದಂತ ಸಾವ್ಕಾರ್ರು ಹೇಳ್ಯಾರ. ನೀವು ಉಪವಾಸ ಇದ್ದೇ ಬರ್ತೀರಿ ಹೌದಿಲ್ರಿ?"

ಗುರುಬಸವ ಬಾಯಿಯೊಳಗಿನ ತುತ್ತನ್ನು ನುಂಗದೆ, "ಹೂಂ," ಎಂದನು. ಫೋನನ್ನು ಬೋರಲು ಇಟ್ಟನು. ಜಗದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ನಗು, ನಗು," ಎಂದನು ಅವನು. "ಮೊದಲ ಮಶೀನಿನ ಹೊಟ್ಟಿ ಖಾಲಿ ಮಾಡ್ತಿದ್ರು. ಈಗ ನನ್ನ ಹೊಟ್ಟಿಗಿ ಬಂದಾರ. ಇನ್ನೊಂದು ರೊಟ್ಟಿ ಹಾಕು. ನಾಳಿಂದೂ ಇವತ್ತೇ ಉಣ್ತೀನಿ."